ಒಂದೇ ಆಟ ಎನ್95ರಲ್ಲಿ ಸರಾಗ, ಎನ್96ರಲ್ಲಿ ತಡವರಿಕೆ ಏಕೆ?

ಗೋಣಿಕೊಪ್ಪದ ಮಿತ್ರರೇ, 2007ರ ನೋಕಿಯಾ ಎನ್95ರಲ್ಲಿ ಸಲೀಸಾಗಿ ಓಡುವ ತ್ರೀಡಿ ಕಾರ್ ಆಟವು ಮರುವರ್ಷ ಬಂದ ಎನ್96ರಲ್ಲಿ ತಡವರಿಸುತ್ತಿದೆಯೆಂದೂ, ಮಳೆಗಾಲದ ತೇವಕ್ಕೆ ಫೋನಿನೊಳಗಿನ ಸರ್ಕ್ಯೂಟ್ ಬೋರ್ಡ್ ಹಾಳಾಗಿರಬೇಕೆಂದು ಅಂಗಡಿಯವರು ಹೇಳಿದರೆಂದೂ ಬರೆದಿದ್ದೀರಿ. ನಮ್ಮ ಕೊಡಗಿನ ಮಳೆಯ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸುಲಭ; ಆದರೆ ಮೆನು, ವಿಡಿಯೊ ಎರಡೂ ಸರಿಯಾಗಿದ್ದು ತ್ರೀಡಿ ಆಟ ಮಾತ್ರ ಎಡವುತ್ತಿದ್ದರೆ ಬೋರ್ಡನ್ನು ಶಂಕಿಸಬೇಕಾಗಿಲ್ಲ.

ಎನ್95ರಲ್ಲಿರುವ ಒಮ್ಯಾಪ್ 2420 ಚಿಪ್‌ನೊಳಗೆ ಪವರ್‌ವಿಆರ್ ಎಂಬಿಎಕ್ಸ್ ಎಂಬ ಪ್ರತ್ಯೇಕ ಗ್ರಾಫಿಕ್ಸ್ ಘಟಕವಿದೆ. ಅದು ಪರದೆಯನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಯಾವುದು ಮುಂದಿದೆ, ಯಾವುದು ಮರೆಯಾಗಿದೆ ಎಂಬುದನ್ನು ಚಿಪ್‌ನೊಳಗಿನ ಪುಟ್ಟ ಮೆಮೊರಿಯಲ್ಲೇ ತೀರ್ಮಾನಿಸಿಕೊಂಡು, ಕಣ್ಣಿಗೆ ಕಾಣುವ ಭಾಗಕ್ಕೆ ಮಾತ್ರ ಬಣ್ಣ ತುಂಬುತ್ತದೆ. ಗುಡ್ಡದ ಹಿಂದೆ ಅಡಗಿರುವ ಮರಕ್ಕಾಗಿ ಅದು ಶ್ರಮ ಪಡುವುದಿಲ್ಲ. ಹೊರಗಿನ ಮೆಮೊರಿಯೊಂದಿಗಿನ ವ್ಯವಹಾರ ತಗ್ಗುವುದರಿಂದ ಬ್ಯಾಟರಿಯೂ ಉಳಿಯುತ್ತದೆ. ಮೊದಲ ಐಫೋನಿನಲ್ಲಿದ್ದದ್ದೂ ಇದೇ ಮನೆತನದ ಎಂಬಿಎಕ್ಸ್ ಲೈಟ್.

ಎನ್96ರಲ್ಲಿ ಈ ಘಟಕವೇ ಇಲ್ಲ. ಅದರ ಚಿಪ್ ವಿಡಿಯೊ ಕೆಲಸಕ್ಕೆ ಹೆಸರಾದದ್ದು. ತ್ರೀಡಿ ಚಿತ್ರದ ಲೆಕ್ಕವನ್ನೆಲ್ಲ 264 ಮೆಗಾಹರ್ಟ್ಸ್‌ನ ಪ್ರೊಸೆಸರೇ ಸಾಫ್ಟ್‌ವೇರ್ ಮೂಲಕ ಮಾಡಬೇಕು. 16 ಜಿಬಿ ಸಂಗ್ರಹ ಕೊಟ್ಟು ಗ್ರಾಫಿಕ್ಸ್ ಘಟಕವನ್ನು ಕೈಬಿಟ್ಟದ್ದು, ಆಟವಾಡುವವರ ಮಟ್ಟಿಗೆ, ನನ್ನ ದೃಷ್ಟಿಯಲ್ಲಿ ಹಿನ್ನಡೆಯೇ.

ಆದ್ದರಿಂದ ಫಾರ್ಮ್ಯಾಟ್ ಮಾಡಿಸಿಯೋ ಬೋರ್ಡ್ ಬದಲಿಸಿಯೋ ಪ್ರಯೋಜನವಿಲ್ಲ, ದುಡ್ಡು ದಂಡ. ತ್ರೀಡಿ ಆಟಗಳನ್ನು ಎನ್95ರಲ್ಲೇ ಇಟ್ಟುಕೊಂಡು, ಎನ್96ನ್ನು ವಿಡಿಯೊ ನೋಡಲು ಬಳಸಿ.