ಕಂಪ್ಯೂಟರ್ ಪ್ರಶ್ನೋತ್ತರ: ಇದ್ದ ಜಾಗದಲ್ಲಿ ಯಾವುದೂ ಇಲ್ಲ

ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ ಕೊಡುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಯಂತ್ರ ತೆಗೆದು ವಿಂಡೋಸ್ 11 ಇರುವುದನ್ನು ತಂದವರಿಂದ ಪತ್ರಗಳು ಬರುತ್ತಲೇ ಇವೆ. ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ್ದನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸರ್, ಅಕ್ಕಿ ಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಸ್ಟಾರ್ಟ್ ಬಟನ್ ಎಡಮೂಲೆಯಿಂದ ನಡುವಿಗೆ ಬಂದಿದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಮೂರು ಎಕ್ಸೆಲ್ ಫೈಲ್ ತೆಗೆದರೂ ಕೆಳಗೆ ಒಂದೇ ಚಿಹ್ನೆ. ಭತ್ತದ ಆವಕ ಯಾವುದು, ತೌಡಿನ ಮಾರಾಟ ಯಾವುದು, ತಿಳಿಯುವುದಿಲ್ಲ. ಹಳೆಯದರಂತೆ ಮಾಡಬಹುದೇ?
(ಗಂಗಾವತಿ)

ಉತ್ತರ: ಎರಡೂ ಆಗುತ್ತದೆ, ಎರಡೂ ಒಂದೇ ಕಡೆ ಇವೆ. ಕೆಳಗಿನ ಪಟ್ಟಿಯಲ್ಲಿ ಚಿಹ್ನೆಗಳಿಲ್ಲದ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ‘ಟಾಸ್ಕ್‌ಬಾರ್ ಸೆಟ್ಟಿಂಗ್ಸ್’ ತೆರೆಯಿರಿ. ಕೆಳಕ್ಕೆ ಹೋದರೆ ‘ಟಾಸ್ಕ್‌ಬಾರ್ ಬಿಹೇವಿಯರ್ಸ್’ ಇದೆ. ಅದರಲ್ಲಿ ‘ಅಲೈನ್‌ಮೆಂಟ್’ ಎದುರಿಗೆ ಸೆಂಟರ್ ಬದಲು ಲೆಫ್ಟ್ ಕೊಡಿ. ಅಲ್ಲೇ ಕೆಳಗೆ ‘ಕಂಬೈನ್ ಟಾಸ್ಕ್‌ಬಾರ್ ಬಟನ್ಸ್’ ಎಂಬುದಕ್ಕೆ ‘ನೆವರ್’ ಕೊಟ್ಟರೆ ಪ್ರತಿ ಫೈಲೂ ತನ್ನ ಹೆಸರಿನೊಂದಿಗೆ ಬೇರೆಬೇರೆಯಾಗಿ ನಿಲ್ಲುತ್ತದೆ.

ಈ ಎರಡನೆಯ ಸಾಲು ಕಾಣದಿದ್ದರೆ ನಿಮ್ಮಲ್ಲಿರುವುದು ಹಳೆಯ ಆವೃತ್ತಿ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಈ ಸೌಲಭ್ಯವನ್ನೇ ಕಿತ್ತು ಹಾಕಿದ್ದರು. ಬಳಸುವವರ ಗೊಣಗಾಟ ಕೇಳಿ 2023ರಲ್ಲಿ ಮರಳಿ ಕೊಟ್ಟರು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ವಿನ್‌ವರ್’ ಎಂದು ಬರೆದು ಎಂಟರ್ ಕೊಟ್ಟರೆ ಆವೃತ್ತಿ ತಿಳಿಯುತ್ತದೆ. 23ಎಚ್2 ಅಥವಾ ಅದರಿಂದೀಚಿನದು ಇರಬೇಕು.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಸ್ಟಾರ್ಟ್ ತೆರೆದು ಕಣ್ಣಲ್ಲಿ ಹುಡುಕುವುದನ್ನು ಬಿಡಿ. ವಿಂಡೋಸ್ ಕೀ ಒತ್ತಿ ಬೇಕಾದ ಪ್ರೋಗ್ರಾಮಿನ ಮೊದಲ ಮೂರು ಅಕ್ಷರ ಹೊಡೆದರೆ ಸಾಕು. ದಿನವೂ ಬೇಕಾಗುವ ಐದಾರನ್ನು ‘ಪಿನ್ ಟು ಟಾಸ್ಕ್‌ಬಾರ್’ ಮಾಡಿಟ್ಟರೆ ವಿಂಡೋಸ್ ಕೀ ಜೊತೆ 1 ಒತ್ತಿದಾಗ ಮೊದಲನೆಯದು, 2 ಒತ್ತಿದಾಗ ಎರಡನೆಯದು ತೆರೆಯುತ್ತದೆ. ಬಟನ್ ಎಲ್ಲಿದ್ದರೂ ಇದು ಬದಲಾಗುವುದಿಲ್ಲ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ, ಮರುವರ್ಷದ 8.1ರಲ್ಲಿ ವಾಪಸ್ ಬಂತು. ಕೀ ಮಾತ್ರ ಆಗಲೂ ಇದ್ದಲ್ಲೇ ಇತ್ತು.

ವಿಂಡೋಸ್ 7ರ ಮುಖ ತಂದುಕೊಡುತ್ತೇವೆ ಎನ್ನುವ ಪುಕ್ಕಟೆ ತಂತ್ರಾಂಶಗಳನ್ನು ಬ್ಯಾಂಕು, ಜಿಎಸ್‌ಟಿ ವ್ಯವಹಾರ ನಡೆಯುವ ಯಂತ್ರಕ್ಕೆ ಹಾಕಬೇಡಿ. ಎಲ್ಲವೂ ಕೆಟ್ಟವೆಂದಲ್ಲ, ಆದರೆ ಪ್ರತಿ ದೊಡ್ಡ ಅಪ್‌ಡೇಟಿಗೂ ಇಂಥವು ಮುಗ್ಗರಿಸುವುದುಂಟು. ಅದು ಆಗುವುದು ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತ ದಿನವೇ!

ಪ್ರಶ್ನೆ: ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ನಮ್ಮದು. ರೈಟ್ ಕ್ಲಿಕ್ ಮಾಡಿದರೆ ಕಾಪಿ, ಪೇಸ್ಟ್, ಸೆಂಡ್ ಟು ಯಾವುದೂ ಕಾಣುವುದಿಲ್ಲ. ಸ್ಟಾರ್ಟ್ ಒತ್ತಿದರೆ ಗಿರಾಕಿಗಳ ಆಧಾರ್, ಪಹಣಿ ಫೈಲುಗಳ ಹೆಸರು ಎಲ್ಲರೆದುರು ಬರುತ್ತದೆ.
(ಮಾನ್ವಿ)

ಉತ್ತರ: ಎರಡನೆಯದನ್ನು ಇವತ್ತೇ ಸರಿಪಡಿಸಿ. ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರೊಳಗೆ ಸ್ಟಾರ್ಟ್. ಅಲ್ಲಿ ‘ರೆಕಮೆಂಡೆಡ್ ಫೈಲ್ಸ್’ ಎಂಬ ಮಾತಿರುವ ಉದ್ದನೆಯ ಸಾಲನ್ನು ಆಫ್ ಮಾಡಿ. ಇದರಿಂದ ಫೈಲ್ ಎಕ್ಸ್‌ಪ್ಲೋರರ್‌ನ ‘ರೀಸೆಂಟ್’ ಪಟ್ಟಿಯೂ, ಟಾಸ್ಕ್‌ಬಾರ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಇತ್ತೀಚಿನ ಫೈಲ್‌ಗಳೂ ಹೋಗುತ್ತವೆ. ಮೂರಕ್ಕೂ ಒಂದೇ ಸ್ವಿಚ್. ನಿಮ್ಮಂಥ ಅಂಗಡಿಗೆ ಅದೇ ಒಳ್ಳೆಯದು. ಆದರೆ ಹೆಸರು ಮರೆಯಾದ ಮಾತ್ರಕ್ಕೆ ಫೈಲ್ ಅಳಿದಂತಲ್ಲ. ಡೌನ್‌ಲೋಡ್ಸ್ ಫೋಲ್ಡರನ್ನು ರಾತ್ರಿ ಅಂಗಡಿ ಮುಚ್ಚುವಾಗ ಶಿಫ್ಟ್ ಜೊತೆ ಡಿಲೀಟ್ ಒತ್ತಿ ಖಾಲಿ ಮಾಡಬೇಕು.

ಕಾಪಿ, ಪೇಸ್ಟ್ ಹೋಗಿಲ್ಲ. ಅಕ್ಷರ ಬಿಟ್ಟು ಚಿಕ್ಕ ಚಿತ್ರಗಳಾಗಿ ಪಟ್ಟಿಯ ತುದಿಯಲ್ಲಿ ಸಾಲಾಗಿ ಕೂತಿವೆ. ಪಟ್ಟಿ ಮೇಲ್ಮುಖವಾಗಿ ತೆರೆದರೆ ಅದೇ ಸಾಲು ಕೆಳಗಿರುತ್ತದೆ. 24ಎಚ್2ರಿಂದ ಚಿತ್ರಗಳ ಜೊತೆ ಹೆಸರೂ ಬರುತ್ತದೆ. ಸೆಂಡ್ ಟು ಇರುವುದು ‘ಶೋ ಮೋರ್ ಆಪ್ಷನ್ಸ್’ ಒಳಗೆ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ನೇರವಾಗಿ ಹಳೆಯ ಉದ್ದ ಪಟ್ಟಿಯೇ ತೆರೆಯುತ್ತದೆ. ಹೆಸರು ಬದಲಿಸಲು ಎಫ್2 ಒತ್ತಿ.

ಪ್ರಿಂಟ್ ಅಂಗಡಿಯವರು ತಿಳಿದಿರಬೇಕಾದ ಒಂದು ಮಾತು: 15ಕ್ಕಿಂತ ಹೆಚ್ಚು ಫೈಲುಗಳನ್ನು ಒಟ್ಟಿಗೆ ಆಯ್ದು ರೈಟ್ ಕ್ಲಿಕ್ ಮಾಡಿದರೆ ಓಪನ್, ಪ್ರಿಂಟ್ ಎರಡೂ ಪಟ್ಟಿಯಲ್ಲಿ ಬರುವುದಿಲ್ಲ. ಅದು ಹಳೆಯ ವಿಂಡೋಸ್‌ನಲ್ಲೂ ಇದ್ದ ಮಿತಿ, ಹೊಸದರ ದೋಷವಲ್ಲ. ಹದಿನೈದರ ಗುಂಪು ಮಾಡಿ ಕಳಿಸಿ.

ಪ್ರಶ್ನೆ: ಗಂಜಿನಲ್ಲಿ ನಮ್ಮ ಅಡತಿ ಅಂಗಡಿ. ರೈತರ ಪಟ್ಟಿ ತೆಗೆಯಲು ಬಹಳ ವರ್ಷಗಳಿಂದ ಫಾಕ್ಸ್‌ಪ್ರೋದಲ್ಲಿ ಬರೆಸಿದ ಕಪ್ಪು ಪರದೆಯ ಪ್ರೋಗ್ರಾಮ್ ಬಳಸುತ್ತಿದ್ದೇವೆ. ಹೊಸ ಕಂಪ್ಯೂಟರಿಗೆ ಫೋಲ್ಡರ್ ಕಾಪಿ ಮಾಡಿದರೆ ‘ಈ ಪಿಸಿಯಲ್ಲಿ ಓಡುವುದಿಲ್ಲ’ ಎನ್ನುತ್ತದೆ. ಕಂಪಾಟಿಬಿಲಿಟಿ ಮೋಡ್ ಹಾಕಿದರೂ ಅಷ್ಟೇ.
(ರಾಯಚೂರು)

ಉತ್ತರ: ಸ್ಟಾರ್ಟ್ ಬಟನ್ ಎಲ್ಲಿ ಹೋಯಿತು ಎಂಬುದು ನಾಲ್ಕು ದಿನದ ತಕರಾರು. ನಿಮ್ಮದು ನಿಜವಾದ ಅಡ್ಡಿ. ಡಾಸ್ (ವಿಂಡೋಸ್‌ಗಿಂತ ಮೊದಲಿನ ಕಪ್ಪು ಪರದೆಯ ವ್ಯವಸ್ಥೆ) ಕಾಲದ ಫಾಕ್ಸ್‌ಪ್ರೋ ಪ್ರೋಗ್ರಾಮುಗಳಲ್ಲಿ ಬಹಳಷ್ಟು 16 ಬಿಟ್‌ನವು. 32 ಬಿಟ್ ವಿಂಡೋಸ್ ಅವನ್ನು ಓಡಿಸುತ್ತಿತ್ತು, ನಿಮ್ಮ ಹಳೆಯ ಯಂತ್ರದಲ್ಲಿ ಇದ್ದದ್ದು ಅದೇ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ ಮಾತ್ರ. 16 ಬಿಟ್ ಓಡಿಸುವ ಭಾಗವೇ ಅದರಲ್ಲಿಲ್ಲ. ಹೀಗಾಗಿ ಕಂಪಾಟಿಬಿಲಿಟಿ ಮೋಡ್‌ನಿಂದ ಏನೂ ಆಗದು. ಕಿಟಕಿಗಳಿರುವ ವಿಶುವಲ್ ಫಾಕ್ಸ್‌ಪ್ರೋದಲ್ಲಿ ಮಾಡಿದ್ದಾಗಿದ್ದರೆ ಸಾಮಾನ್ಯವಾಗಿ ಓಡುತ್ತಿತ್ತು.

ಮೊದಲು ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿ. ಪ್ರೋಗ್ರಾಮಿನ ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗೆ ತೆಗೆದಿಡಿ. ಲೆಕ್ಕ ಇರುವುದು ಡಿಬಿಎಫ್ ಫೈಲ್‌ಗಳಲ್ಲಿ. ಅದೇ ಹೆಸರಿನ ಎಫ್‌ಪಿಟಿ ಫೈಲ್ ಪಕ್ಕದಲ್ಲಿದ್ದರೆ ಅದು ಟಿಪ್ಪಣಿಗಳನ್ನು ಇಟ್ಟುಕೊಂಡಿರುತ್ತದೆ. ಅದು ಬಿಟ್ಟುಹೋದರೆ ಫಾಕ್ಸ್‌ಪ್ರೋ ಡಿಬಿಎಫ್ ಅನ್ನೇ ತೆರೆಯುವುದಿಲ್ಲ. ‘ಮುಖ್ಯವಾದದ್ದಷ್ಟೇ ಕಾಪಿ ಮಾಡಿದೆ’ ಎನ್ನುವವರು ಎಡವುವುದು ಇಲ್ಲೇ.

ಓಡಿಸಲು ಎರಡು ದಾರಿ. ಒಂದು, ವಿಡಾಸ್ ಎಂಬ ಪುಟ್ಟ ತಂತ್ರಾಂಶ. ಡಾಸ್ ಪ್ರೋಗ್ರಾಮು ಓಡಿಸುವ ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶವೂ ಇದೆ, ಆದರೆ ಅದು ಆಟಗಳಿಗಾಗಿ ಹುಟ್ಟಿದ್ದು. ವಿಡಾಸ್ ಇಂಥ ವ್ಯವಹಾರದ ಪ್ರೋಗ್ರಾಮುಗಳಿಗಾಗಿಯೇ ಮಾಡಿದ್ದು, ವಿಂಡೋಸ್ ಪ್ರಿಂಟರಿಗೆ ಮುದ್ರಣ ಕಳಿಸುವ ವ್ಯವಸ್ಥೆಯೂ ಇದೆ. ಒಂದೇ ಯಂತ್ರದ ಅಂಗಡಿಗೆ ಇದನ್ನೇ ಮೊದಲು ಪ್ರಯತ್ನಿಸಿ. ಇನ್ನೊಂದು, ಕಂಪ್ಯೂಟರಿನೊಳಗೇ ಮತ್ತೊಂದು ಕಂಪ್ಯೂಟರ್ ಇದ್ದಂತೆ ಮಾಡುವ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಪರವಾನಗಿಯಿರುವ ಹಳೆಯ 32 ಬಿಟ್ ವಿಂಡೋಸ್ ಹಾಕಿ, ಅದರ ನೆಟ್‌ವರ್ಕ್ ಸಂಪರ್ಕ ತೆಗೆದುಬಿಟ್ಟು ಓಡಿಸುವುದು. ಇದಕ್ಕೆ ಯಂತ್ರದಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಹಗುರ. ಯಾವುದೇ ದಾರಿಯಲ್ಲೂ ಒಂದು ವಾರ ಹಳೆಯದರಲ್ಲೂ ಹೊಸದರಲ್ಲೂ ಅವೇ ಪಟ್ಟಿ ತೆಗೆದು ಹಮಾಲಿ, ಕಮಿಷನ್, ಒಟ್ಟು ಮೊತ್ತ ತಾಳೆ ನೋಡಿ.

ಹಳೆಯ ವರ್ಷಗಳ ಲೆಕ್ಕ ನೋಡುವುದಷ್ಟೇ ಆದರೆ ಡಿಬಿಎಫ್ ಅನ್ನು ಎಕ್ಸೆಲ್ ತೆರೆಯುತ್ತದೆ. ಮೂಲ ಫೈಲಿನ ಮೇಲೆ ಕೈಯಿಡದೆ, ಪ್ರತಿ ಮಾಡಿಕೊಂಡು ತೆರೆಯಿರಿ.

ಪ್ರಶ್ನೆ: ನಮ್ಮ ವೇಬ್ರಿಜ್‌ನ ತೂಕ ಡಬ್ಬಿಯಲ್ಲಿ ಕಾಣುತ್ತದೆ, ಹೊಸ ಕಂಪ್ಯೂಟರಿಗೆ ಬರುವುದಿಲ್ಲ. ಯುಎಸ್‌ಬಿ ಕೇಬಲ್ ಹಾಕಿದ್ದೇವೆ.
(ಸಿರುಗುಪ್ಪ)

ಉತ್ತರ: ಹೊಸ ಯಂತ್ರಕ್ಕೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇಲ್ಲದ್ದರಿಂದ ಯುಎಸ್‌ಬಿ ಪರಿವರ್ತಕ ಹಾಕಿರುತ್ತೀರಿ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆದು ‘ಪೋರ್ಟ್ಸ್’ ನೋಡಿ. ಅಲ್ಲಿ ಹಳದಿ ಗುರುತಿನೊಂದಿಗೆ ‘ಪಿಎಲ್2303ಎಚ್‌ಎಕ್ಸ್‌ಎ’ ಎಂದೂ 2012ರಿಂದ ನಿಲ್ಲಿಸಲಾಗಿದೆ ಎಂದೂ ಬರೆದಿದ್ದರೆ ಆ ಕೇಬಲ್ ಒಳಗಿರುವುದು ಹಳೆಯ ಚಿಪ್ಪು. ಡ್ರೈವರ್ ಹುಡುಕುತ್ತ ಕೂರದೆ ಎಫ್‌ಟಿಡಿಐ ಚಿಪ್ಪಿನ ಕೇಬಲ್ ತನ್ನಿ.

ಹಳದಿ ಗುರುತಿಲ್ಲದೆ ‘ಕಾಮ್ 5’ ಎಂದೋ ‘ಕಾಮ್ 3’ ಎಂದೋ (ಇದು ಸೀರಿಯಲ್ ಪೋರ್ಟಿನ ಸಂಖ್ಯೆ) ಇದ್ದರೆ, ತೂಕದ ಪ್ರೋಗ್ರಾಮ್ ಇನ್ನೂ ಕಾಮ್ 1ರಲ್ಲಿ ಕಾಯುತ್ತಿದೆ. ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ನಲ್ಲಿ ಸಂಖ್ಯೆ 1 ಮಾಡಿ. ಆಮೇಲೆ ಕೇಬಲ್ಲನ್ನು ಅದೇ ಯುಎಸ್‌ಬಿ ತೂತಿಗೇ ಹಾಕಿ. ಬೇರೆಡೆ ಹಾಕಿದರೆ ಸಂಖ್ಯೆ ಮತ್ತೆ ಬದಲಾಗಬಹುದು. ಅಂಕಿಯ ಬದಲು ವಿಚಿತ್ರ ಚಿಹ್ನೆಗಳು ಬಂದರೆ ಪೋರ್ಟ್ ಸರಿಯಿದೆ, ವೇಗ ಹೊಂದುತ್ತಿಲ್ಲ ಎಂದರ್ಥ: ಡಬ್ಬಿಯಲ್ಲಿ 2400 ಇದ್ದು ಪ್ರೋಗ್ರಾಮಿನಲ್ಲಿ 9600 ಇರಬಹುದು. ಎರಡೂ ಒಂದೇ ಆಗಬೇಕು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನುಡಿಯಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಹೊಸ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ತುಂಗಾ ಫಾಂಟಿನಲ್ಲಿದ್ದವು ಕನ್ನಡದಲ್ಲೇ ಇವೆ, ಆದರೆ ಸಾಲುಗಳು ಕದಲಿ ಪುಟ ಹೆಚ್ಚಾಗಿದೆ.
(ಸಿಂಧನೂರು)

ಉತ್ತರ: ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ‘ನುಡಿ 01 ಇ’ಯಂಥ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿನ ಇಂಗ್ಲಿಷ್ ಬಯಲಾಗುತ್ತದೆ. ಹಳೆಯ ಯಂತ್ರದಿಂದ ಆ ಫಾಂಟ್ ಫೈಲ್ ತಂದು ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಕೊಡಿ, ವರ್ಡ್ ಮುಚ್ಚಿ ತೆರೆಯಿರಿ. ಮುಂದೆಯೂ ಬಳಸುವ ಪತ್ರಿಕೆಗಳನ್ನು, ಫಾಂಟ್ ಬದಲಾದರೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳುವುದು ಮೇಲು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ.

ತುಂಗಾ ಈಗ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ. ಅದಿಲ್ಲದಾಗ ನಿರ್ಮಲಾ ಯುಐ ಅಥವಾ ಬೇರೊಂದು ಫಾಂಟ್ ಆ ಜಾಗಕ್ಕೆ ಬರುತ್ತದೆ, ಅಗಲ ಬೇರೆಯಾದ್ದರಿಂದ ಸಾಲು ಒಡೆಯುತ್ತದೆ. ವಿಂಡೋಸ್ ಕೀ ಒತ್ತಿ ‘ಆಪ್ಷನಲ್ ಫೀಚರ್ಸ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ, ‘ವ್ಯೂ ಫೀಚರ್ಸ್’ ಒತ್ತಿ, ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹಾಕಿಕೊಂಡರೆ ತುಂಗಾ ಬರುತ್ತದೆ. ಇಂಟರ್‌ನೆಟ್ ಬೇಕು.

ಟೈಪಿಂಗ್ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇವೆ. ವಿಂಡೋಸ್ ಕೊಡುವ ಕನ್ನಡ ಕೀಲಿಮಣೆಗಳು ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್. ನಿಮಗೆ ಬೆರಳಲ್ಲಿ ಕೂತಿರುವುದು ಕೆ.ಪಿ. ರಾವ್ ವಿನ್ಯಾಸವಾದರೆ ಅದು ಇವೆರಡೂ ಅಲ್ಲ, ನುಡಿಯನ್ನೇ ಹಾಕಬೇಕು. ನುಡಿ ಓಡುತ್ತಿರುವಾಗ ವಿಂಡೋಸ್‌ನ ಭಾಷೆ ಇಂಗ್ಲಿಷಿನಲ್ಲೇ ಇರಲಿ. ಎರಡೂ ಕನ್ನಡಕ್ಕೆ ಹೊರಳಿದರೆ ಅಕ್ಷರ ಕಲಸುಮೇಲೋಗರ. ಭಾಷೆ ಬದಲಿಸಲು ವಿಂಡೋಸ್ ಕೀ ಮತ್ತು ಸ್ಪೇಸ್.

ಪ್ರಶ್ನೆ: ಜೀನ್ಸ್ ಹೊಲಿಗೆ ಘಟಕದ ಪ್ಯಾಟರ್ನ್ ಫೈಲುಗಳನ್ನು ಡೆಸ್ಕ್‌ಟಾಪ್ ಮೇಲೆ ಇಡುತ್ತೇವೆ. ಕೆಲವಕ್ಕೆ ಮೋಡದ ಗುರುತು ಬಂದಿದೆ, ನೆಟ್ ಇಲ್ಲದಾಗ ತೆರೆಯುವುದಿಲ್ಲ. ‘ಜಾಗ ತುಂಬಿದೆ’ ಎಂಬ ಸೂಚನೆ ಬೇರೆ.
(ಬಳ್ಳಾರಿ)

ಉತ್ತರ: ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರ ಶುರು ಮಾಡುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಸಂಗ್ರಹವಾದ ಒನ್‌ಡ್ರೈವ್‌ಗೆ ಸೇರಿಕೊಂಡಿವೆ. ಪುಕ್ಕಟೆ ಜಾಗ 5 ಜಿಬಿ, ಪ್ಯಾಟರ್ನುಗಳಿಗೆ ಅದು ಎಲ್ಲಿ ಸಾಲುತ್ತದೆ? ನೆಟ್ ಇರುವಾಗ ಡೆಸ್ಕ್‌ಟಾಪಿನ ಎಲ್ಲ ಫೈಲ್ ಆಯ್ದು, ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಡಿ. ಎಲ್ಲಕ್ಕೂ ಹಸಿರು ಗುರುತು ಬರುವವರೆಗೆ ಕಾಯಿರಿ. ಅವನ್ನು ಡಿ ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಪ್ರತಿ ಮಾಡಿ. ಅನಂತರವೇ ಗಡಿಯಾರದ ಬಳಿಯ ಮೋಡದ ಚಿಹ್ನೆ, ಸೆಟ್ಟಿಂಗ್ಸ್, ‘ಮ್ಯಾನೇಜ್ ಬ್ಯಾಕಪ್’ನಲ್ಲಿ ಡೆಸ್ಕ್‌ಟಾಪನ್ನು ಆಫ್ ಮಾಡಿ. ನಿಲ್ಲಿಸಿದ ಕೂಡಲೇ ಡೆಸ್ಕ್‌ಟಾಪ್ ಖಾಲಿ ಕಾಣಬಹುದು. ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗಿನ ಡೆಸ್ಕ್‌ಟಾಪ್‌ನಲ್ಲಿರುತ್ತವೆ. ಅಲ್ಲಿ ಅಳಿಸಿದರೆ ಮೋಡದಲ್ಲೂ ಅಳಿಯುತ್ತದೆ. ಕೈತಪ್ಪಿ ಅಳಿಸಿದ್ದರೆ ಒನ್‌ಡ್ರೈವ್ ಜಾಲತಾಣದ ರೀಸೈಕಲ್ ಬಿನ್‌ನಲ್ಲಿ 30 ದಿನ ಸಿಗುತ್ತದೆ.

ಪ್ರಶ್ನೆ: ಆರನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿಗೆ 11 ಹಾಕಿಸಬಹುದೇ?
(ಕುಷ್ಟಗಿ)

ಉತ್ತರ: ನಿಯಮದ ಪ್ರಕಾರ ಇಲ್ಲ. ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 (ಯಂತ್ರದೊಳಗಿನ ಸುರಕ್ಷತಾ ವ್ಯವಸ್ಥೆ) ಬೇಕು. ತಪಾಸಣೆ ತಪ್ಪಿಸಿ ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ರಲ್ಲೇ ಇದ್ದು, ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್’ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗಿನ ಸುರಕ್ಷತಾ ಅಪ್‌ಡೇಟ್ ಬರುತ್ತವೆ. ಅದಕ್ಕೆ 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಬೇಕು. ಈಗಾಗಲೇ ಯಾರಾದರೂ 11 ಹಾಕಿಕೊಟ್ಟಿದ್ದು ಹಿಡಿಸದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ‘ಗೋ ಬ್ಯಾಕ್’ ಇದೆ. ಮೇಲ್ದರ್ಜೆಗೇರಿಸಿದ 10 ದಿನದೊಳಗೆ ಮಾತ್ರ, ಅದೂ ಮಧ್ಯದಲ್ಲಿ ‘ಡಿಸ್ಕ್ ಕ್ಲೀನಪ್’ ಮಾಡಿ ಹಳೆಯ ವಿಂಡೋಸ್ ಫೋಲ್ಡರ್ ಅಳಿಸದಿದ್ದರೆ.