‘ಅವ್ವಗ ಹೇಳಬ್ಯಾಡ್ರಿ’ ಅಂದ ಮಗ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಸಿಂಧನೂರು ಕಡೆಯ ಹೆಣ್ಣುಮಗಳು, ವಯಸ್ಸು 58. ಮೂತ್ರದಲ್ಲಿ ರಕ್ತ ಬಂದಾಗ ಉರಿಮೂತ್ರ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ಉರಿಯೇ ಇರಲಿಲ್ಲ. ಮುಟ್ಟು ನಿಂತವರಿಗೆ ನೋವಿಲ್ಲದೆ ಹೀಗೆ ರಕ್ತ ಕಂಡರೆ, ಒಂದೇ ಸಲ ಕಂಡರೂ, ತಪಾಸಣೆ ಆಗಲೇಬೇಕು. ಕೊನೆಗೆ ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾಗಿ ಚಿಕಿತ್ಸೆ ಆಯಿತು. ಒಂದೂವರೆ ವರ್ಷದ ಮೇಲೆ ಅಂಡಾಶಯದಲ್ಲಿ ಗಡ್ಡೆ.

ರಾಯಚೂರಿನಲ್ಲಿ ನನ್ನ ಹತ್ತಿರ ಮೊದಲು ಬಂದದ್ದು ಮಗ. “ಅವ್ವಗ ಹೇಳಬ್ಯಾಡ್ರಿ ಮೇಡಂ, ಎದಿ ಒಡಕೊಂತಾಳ” ಅಂದ. ಈ ಮಾತು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ! ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಒಪ್ಪಲಿಲ್ಲ. “ಅವರಿಗೆ ಏನು ಗೊತ್ತಿದೆ ಅಂತ ಅವರನ್ನೇ ಕೇಳೋಣ, ನೀವೂ ಕೂತಿರಿ” ಅಂದೆ.

ಅವ್ವ ಬಂದು ಕೂತರು. ಸೆರಗಿನ ತುದಿ ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಎರಡನೇ ಕ್ಯಾನ್ಸರ್ ಬಂದೈತ್ರಿ. ಏನ್ ಪಾಪ ಮಾಡೀನೋ. ನನ್ನ ಮಗಳಿಗೂ ಬರತೈತೇನ್ರಿ?”

ಮಗ ತಲೆ ತಗ್ಗಿಸಿದ. ಮುಚ್ಚಿಟ್ಟ ಮಾತು ಅವರೊಳಗೆ ಎರಡರಷ್ಟಾಗಿ ಬೆಳೆದಿತ್ತು.

“ಎರಡಲ್ಲಮ್ಮ, ಒಂದೇ. ಮೂತ್ರಕೋಶದ್ದೇ ಅಲ್ಲಿಗೆ ಹರಡಿ ಬೆಳೆದಿದೆ. ಗಡ್ಡೆಯ ತುಣುಕು ತೆಗೆದು ನೋಡಿದ ಬಯಾಪ್ಸಿಯಲ್ಲಿ ಹಾಗೇ ಬಂದಿದೆ” ಅಂದೆ.

ಬೆರಳು ನಿಂತಿತು. “ಹಂಗಾದ್ರ ಮಡಿಯಾಗಿನ ಸಸಿ ಕಿತ್ತು ಗದ್ದಿಗೆ ಹಚ್ಚಿದಂಗ. ಗದ್ದಿ ಬ್ಯಾರೆ, ನೆಲ್ಲು ಅದ.” ಮೂವತ್ತು ವರ್ಷ ನಾಟಿ ಮಾಡಿದವರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಗುಣವಾಗುತ್ತದೆ ಅಂತ ಭರವಸೆ ಕೊಡಲಿಲ್ಲ. ಹರಡಿದ ಕಾಯಿಲೆ, ಜಾಸ್ತಿ ಗಂಭೀರ ಅಂತಲೇ ಹೇಳಿದೆ. ಪಾಪದ ಲೆಕ್ಕ ಇದರಲ್ಲಿಲ್ಲ ಅಂತಲೂ ಹೇಳಿದೆ. ತಾಯಿಗೆ ಹೀಗೆ ಹರಡಿದೆ ಅಂದ ಮಾತ್ರಕ್ಕೆ ಮಗಳಿಗೂ ಬರುತ್ತದೆ ಅಂತಲ್ಲ. ಮನೆತನದಲ್ಲಿ ಕರುಳು, ಗರ್ಭಕೋಶದ ಕ್ಯಾನ್ಸರ್ ಯಾರಿಗಾದರೂ ಆಗಿದ್ದರೆ ಅದನ್ನು ಡಾಕ್ಟರಿಗೆ ತಿಳಿಸಿ ಅಂದೆ.

ಮಗನಿಗೆ ಹೇಳಿದ್ದು ಹಳೆಯ ಫೈಲಿನ ಮಾತು. ಇಂಥ ಗಡ್ಡೆ ಸ್ಕ್ಯಾನಿಂಗಿನಲ್ಲಿ ಅಂಡಾಶಯದ್ದೇ ಕ್ಯಾನ್ಸರ್ ಥರ ಕಾಣಬಹುದು. ಹಳೆಯ ಬಯಾಪ್ಸಿ ಬ್ಲಾಕ್, ಅಂದರೆ ಆಗ ತೆಗೆದು ಮೇಣದಲ್ಲಿ ಕಾಪಿಟ್ಟ ಮೂತ್ರಕೋಶದ ತುಣುಕು, ಪಕ್ಕದಲ್ಲಿಟ್ಟು ನೋಡಿದರೆ ಮೂಲ ಯಾವುದು ಅಂತ ಹೇಳುವುದು ಸುಲಭ. ಮೂಲ ಬೇರೆಯಾದರೆ ಕೀಮೋ ಔಷಧಿಯೂ ಬೇರೆ. ಆಸ್ಪತ್ರೆ ಬದಲಿಸಿದಾಗ ಮೂತ್ರಕೋಶದ ಸಂಗತಿಯನ್ನೇ ಮೊದಲು ಹೇಳಬೇಕು. ಇದನ್ನೂ ಅವ್ವನಿಂದ ಮುಚ್ಚಿಟ್ಟರೆ, ಮಗ ಜೊತೆಗಿಲ್ಲದ ದಿನ ಡಾಕ್ಟರಿಗೆ ಹೇಳುವವರು ಯಾರು?

ಏಳುವಾಗ ಮಗ ಫೈಲನ್ನು ಬಗಲಿಗಿಟ್ಟುಕೊಂಡ. ಅವ್ವ ಕೈ ಚಾಚಿದರು. “ನನ್ ಕಡೆ ಕೊಡಪ್ಪ, ನಾ ಹಿಡಕೊಂತೀನಿ.”