ಓದುಗರ ಪ್ರಶ್ನೆ: ಲೇಖನ ಅಚ್ಚಾಯಿತು, ಓದಿದವರು ಯಾರು?

ಓದು, ಸಂಶೋಧನೆ, ಗ್ರಂಥಾಲಯ ಕುರಿತ ಪ್ರಶ್ನೆಗಳಿಗೆ ನಿವೃತ್ತ ಕಾಲೇಜು ಗ್ರಂಥಪಾಲಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನವಾದರೂ ಪ್ರಕಟವಾಗಿರಬೇಕು ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಜರ್ನಲ್‌ನವರ ಸಂದೇಶ ಬಂದಿದೆ. ವಿಜ್ಞಾನ, ತಂತ್ರಜ್ಞಾನ, ಶಿಕ್ಷಣ, ವಾಣಿಜ್ಯ, ಯಾವ ವಿಷಯದ ಲೇಖನವಾದರೂ ತೆಗೆದುಕೊಳ್ಳುತ್ತಾರಂತೆ. 1,800 ರೂಪಾಯಿ ಕಟ್ಟಿದರೆ ಮೂರೇ ದಿನದಲ್ಲಿ ಪ್ರಕಟಣೆ, ಜೊತೆಗೆ ಪ್ರಮಾಣಪತ್ರ. ಐಎಸ್‌ಎಸ್‌ಎನ್ ಸಂಖ್ಯೆಯೂ ಇದೆ. ಕಳುಹಿಸಬಹುದೇ?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ದಯವಿಟ್ಟು ಕಳುಹಿಸಬೇಡಿ. ನಿಮ್ಮ 1,800 ರೂಪಾಯಿಗಿಂತ ನೀವು ಹೊತ್ತು ತಂದ ಆ ನೀರಿನ ಬಾಟಲಿಗಳ ಬಗ್ಗೆ ನನಗೆ ಹೆಚ್ಚು ಚಿಂತೆಯಾಗುತ್ತಿದೆ.

ಫ್ಲೋರೈಡ್ ಬಲ್ಲವರೊಬ್ಬರು ನಿಮ್ಮ ಲೇಖನವನ್ನು ಕೈಗೆತ್ತಿಕೊಂಡರು ಎಂದುಕೊಳ್ಳೋಣ. ಮೊದಲು ಏನು ಕೇಳುತ್ತಾರೆ? ಮಾದರಿಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆದಿರೋ, ಆಮೇಲೋ? ಕೊಳವೆಬಾವಿ ಎಷ್ಟು ಅಡಿ ಆಳ? ನೀರನ್ನು ಗಾಜಿನ ಸೀಸೆಯಲ್ಲಿ ತುಂಬಿದಿರೋ, ಪ್ಲಾಸ್ಟಿಕ್ ಬಾಟಲಿಯಲ್ಲೋ? ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಪ್ಲಾಸ್ಟಿಕ್ಕೇ ಬೇಕು. ಬಣ್ಣದ ಬದಲಾವಣೆ ನೋಡಿ ಅಳೆಯುವ ವಿಧಾನ ಬಳಸಿದ್ದರೆ, ನೀರಿನ ಕ್ಷಾರತೆ ಲೆಕ್ಕವನ್ನು ಕೆಡಿಸಲಿಲ್ಲವೆಂಬುದಕ್ಕೆ ಏನು ಆಧಾರ? ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5. ನಿಮ್ಮ ಅಳತೆಯಲ್ಲಿ ಅರ್ಧ ಮಿಲಿಗ್ರಾಂ ಆಚೀಚೆಯಾದರೆ ಒಂದು ಇಡೀ ಹಳ್ಳಿಯ ನೀರು ಸುರಕ್ಷಿತದಿಂದ ಅಪಾಯಕ್ಕೋ ಅಪಾಯದಿಂದ ಸುರಕ್ಷಿತಕ್ಕೋ ಜಿಗಿಯುತ್ತದೆ. ಆ ನೀರನ್ನೇ ಮಕ್ಕಳು ಕುಡಿಯುತ್ತಾರೆ. ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಕಂದು ಕಲೆ ಮೂಡಿದ ಮಕ್ಕಳನ್ನು ನಿಮ್ಮ ಓಡಾಟದಲ್ಲಿ ನೀವೇ ಕಂಡಿರುತ್ತೀರಿ.

ಈ ಪ್ರಶ್ನೆಗಳನ್ನು ಕೇಳುವುದೇ ಪರಿಶೀಲಕರ, ಅಂದರೆ ಅಚ್ಚಾಗುವ ಮುನ್ನ ಜರ್ನಲ್‌ಗಾಗಿ ಲೇಖನ ಓದಿ ತೂಗುವ ವಿಷಯತಜ್ಞರ ಕೆಲಸ. ಮೂರು ದಿನದಲ್ಲಿ, ಅದೂ ಒಂದೇ ಕಂತೆಯಲ್ಲಿ ರೇಷ್ಮೆಹುಳು, ಬ್ಲೂಟೂತ್, ಬಿ.ಎಡ್. ವಿದ್ಯಾರ್ಥಿನಿಯರ ಆತ್ಮವಿಶ್ವಾಸ ಎಲ್ಲವನ್ನೂ ಹೊತ್ತುಕೊಂಡವರು, ಇವನ್ನು ಯಾರ ಬಳಿ ಕೇಳಿಸುತ್ತಾರೆ? ವಿಷಯ ಎಷ್ಟಿದ್ದರೂ ಇರಲಿ. ಪ್ರತಿಯೊಂದನ್ನೂ ಬಲ್ಲ ಒಬ್ಬರು ಓದಿದರೇ ಇಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಕಾಲೇಜಿನ ಗ್ರಂಥಾಲಯಕ್ಕೂ ಇಂಥ ಸಂಚಿಕೆಗಳು ಬರುತ್ತಿದ್ದವು. ರಟ್ಟು ಹೊಳೆಯುತ್ತಿತ್ತು, ಒಳಗೆ ತೆಳು ಕಾಗದ. ರಿಜಿಸ್ಟರಿಗೆ ಹತ್ತಿಸುವ ಮುನ್ನ ಪುಟ ತಿರುವಿ ನೋಡುವುದು ನನ್ನ ರೂಢಿ. ಒಮ್ಮೆ ಒಂದು ಕೋಷ್ಟಕದಲ್ಲಿ ಶೇಕಡಾವಾರು ಅಂಕಿಗಳನ್ನು ಕೂಡಿದೆ, 112 ಬಂತು. ಒಬ್ಬರಿಗೆ ಒಂದೇ ಉತ್ತರ ಎಂಬ ಪ್ರಶ್ನಾವಳಿ ಅದು, ನೂರು ದಾಟುವಂತಿಲ್ಲ. ಬರೆದವರು ನನಗೆ ಪರಿಚಿತರು, ಪ್ರಾಮಾಣಿಕರು. ಬೆರಳಚ್ಚಿನಲ್ಲಿ ಒಂದು ಸಾಲು ತಪ್ಪಿತ್ತು, ಅಷ್ಟೇ. ಕೂಡಿ ನೋಡುವ ಒಬ್ಬ ಓದುಗ ಅವರಿಗೆ ಅಚ್ಚಾಗುವ ಮುನ್ನ ಸಿಕ್ಕಿರಲಿಲ್ಲ. ಅವರ ಹೆಸರಿನ ಕೆಳಗೆ ಆ 112 ಈಗಲೂ ಹಾಗೆಯೇ ಇದೆ. ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಐಎಸ್‌ಎಸ್‌ಎನ್. ಎಂಟು ಅಂಕಿಗಳ ಆ ಸಂಖ್ಯೆ ನಿಯತಕಾಲಿಕವನ್ನು ಗುರುತಿಸುತ್ತದೆಯೇ ಹೊರತು ಅದರ ಗುಣವನ್ನು ಹೇಳುವುದಿಲ್ಲ. ವಾಹನಕ್ಕೆ ನೋಂದಣಿ ಸಂಖ್ಯೆ ಇದ್ದ ಮಾತ್ರಕ್ಕೆ ಅದರ ಬ್ರೇಕು ಸರಿಯಿದೆ ಎಂದು ಯಾರೂ ನಂಬುವುದಿಲ್ಲವಲ್ಲ. ಜರ್ನಲ್‌ನ ಲೇಖನಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಎನ್ನುತ್ತಾರೆ. ಸಂದೇಶದಲ್ಲಿ ‘ಇಂಪ್ಯಾಕ್ಟ್ ಫ್ಯಾಕ್ಟರ್ 7’ ಎಂದೇನಾದರೂ ಇದ್ದರೆ, ಆ ಅಂಕಿಯನ್ನು ಕೊಟ್ಟವರು ಯಾರೆಂದು ಕೇಳಿ. ಅಂಕಿಗಳನ್ನು ಮಾರುವವರೂ ಹುಟ್ಟಿಕೊಂಡಿದ್ದಾರೆ.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. 2013ರಲ್ಲಿ ಜಾನ್ ಬೊಹ್ಯಾನನ್ ಎಂಬ ಪತ್ರಕರ್ತರು ಒಂದು ಸುಳ್ಳು ಲೇಖನ ಹೆಣೆದರು. ಕಲ್ಲುಹೂವಿನಿಂದ ತೆಗೆದ ಅಣುವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬುದು ಅದರ ಸಾರ. ಲೇಖಕರ ಹೆಸರು, ಸಂಸ್ಥೆಯ ಹೆಸರು ಎಲ್ಲವೂ ಕಲ್ಪಿತ. ವಿಷಯ ಬಲ್ಲ ಯಾರಾದರೂ ಹಿಡಿಯಬಹುದಾದ ತಪ್ಪುಗಳನ್ನು ಬೇಕೆಂದೇ ಸೇರಿಸಿದ್ದರು. 304 ಜರ್ನಲ್‌ಗಳಿಗೆ ಕಳುಹಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಅವರು ಗುರಿಯಾಗಿಸಿಕೊಂಡ ಜರ್ನಲ್‌ಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಭಾರತದವು. ಆ ವರದಿ ಓದಿದ ದಿನ ನಾನು ಅದರ ಪ್ರತಿ ತೆಗೆದು ಗ್ರಂಥಾಲಯದ ಸೂಚನಾ ಫಲಕಕ್ಕೆ ಹಚ್ಚಿದ್ದೆ.

ನಿಯಮದ ಮಾತು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಮಹಾಪ್ರಬಂಧಕ್ಕೆ ಮೊದಲು ಒಂದು ಲೇಖನ ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಆದರೆ ಸಾವಿರಾರು ಜನರಿಗೆ ಒಮ್ಮೆಲೇ ಲೇಖನ ಬೇಕಾಯಿತು. ಬೇಕಾದವರಿದ್ದಲ್ಲಿ ಮಾರುವವರು ಬಂದರು. 2022ರ ನವೆಂಬರಿನ ಹೊಸ ನಿಯಮಾವಳಿಯಲ್ಲಿ ಯುಜಿಸಿಯೇ ಆ ಕಡ್ಡಾಯವನ್ನು ಕೈಬಿಟ್ಟಿದೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ಆದ್ದರಿಂದ ‘ಎನ್ನುತ್ತಾರೆ’ ಎಂಬುದಕ್ಕೆ ನಿಲ್ಲಬೇಡಿ. ನೀವು ನೋಂದಾಯಿಸಿದ ವರ್ಷಕ್ಕೆ ಅನ್ವಯಿಸುವ ನಿಯಮದ ಪ್ರತಿಯನ್ನು ಸಂಶೋಧನಾ ವಿಭಾಗದಿಂದ ಕೇಳಿ ಪಡೆದು, ನೀವೇ ಓದಿ. ಕಡ್ಡಾಯವಲ್ಲದ್ದಕ್ಕೆ ಹಣ ಕಟ್ಟಿದ ಎಷ್ಟೋ ಮಂದಿಯನ್ನು ಕಂಡಿದ್ದೇನೆ.

ಹಾಗಾದರೆ ಎಲ್ಲಿಗೆ ಕಳುಹಿಸುವುದು? ಉತ್ತರ ನಿಮ್ಮ ಕಡತದಲ್ಲೇ ಇದೆ. ನಿಮ್ಮ ಲೇಖನದ ಕೊನೆಯ ಉಲ್ಲೇಖಗಳ ಪಟ್ಟಿಯನ್ನು ತೆಗೆಯಿರಿ. ಯಾರ ಅಳತೆಗಳನ್ನು ನಂಬಿ ನೀವು ಕೆಲಸ ಶುರು ಮಾಡಿದಿರೋ, ಅವರ ಲೇಖನಗಳು ಯಾವ ಜರ್ನಲ್‌ಗಳಲ್ಲಿ ಬಂದಿವೆ? ಅಲ್ಲಿ ಫ್ಲೋರೈಡ್ ಬಲ್ಲವರು ಇದ್ದೇ ಇರುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಭೂವ್ಯವಸ್ಥೆಯ ವಿಜ್ಞಾನಕ್ಕೆಂದೇ ಒಂದು ಜರ್ನಲ್ ನಡೆಸುತ್ತದೆ. ಅದರ ಹಳೆಯ ಸಂಚಿಕೆಗಳನ್ನೂ ನೋಡಿ. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ತಿರಸ್ಕೃತವೂ ಆಗಬಹುದು. ಗ್ರಂಥಾಲಯ ಬಳಕೆಯ ಬಗ್ಗೆ ನಾನೊಂದು ಲೇಖನ ಕಳುಹಿಸಿದಾಗ ಮೂರು ಪುಟ ಆಕ್ಷೇಪಣೆ ಬಂದಿತ್ತು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಓದಿದೆ. ಎರವಲು ಪುಸ್ತಕಗಳ ಲೆಕ್ಕ ಹಾಕುವಾಗ ಪರೀಕ್ಷಾ ತಿಂಗಳುಗಳನ್ನು ಬೇರ್ಪಡಿಸಬೇಕಿತ್ತು ಎಂಬುದು ಅವರ ಮಾತು. ಏಳು ತಿಂಗಳು ಹಿಡಿದು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದೆ. ಆ ಪರಿಶೀಲಕರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಅವರು ನನ್ನ ಗುರುಗಳು.

ಪ್ರಶ್ನೆ: ಅಂದರೆ ಎಲ್ಲ ವಿಷಯಗಳನ್ನೂ ಒಟ್ಟಿಗೆ ಪ್ರಕಟಿಸುವ ಜರ್ನಲ್‌ಗಳೆಲ್ಲವೂ ಮೋಸದವೇ? ನನಗಂತೂ ಒಂದೇ ಕಡೆ ನಾನಾ ವಿಷಯ ಓದುವುದು ಇಷ್ಟ.
— ಪ್ರೌಢಶಾಲಾ ಶಿಕ್ಷಕರು, ಗದಗ

ಉತ್ತರ: ಖಂಡಿತ ಅಲ್ಲ. ವಿಜ್ಞಾನದ ಜರ್ನಲ್ ಎಂಬುದು ಹುಟ್ಟಿದ್ದೇ ಹಾಗೆ. 1665ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಹೊರತಂದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ನ ಮೊದಲ ಸಂಚಿಕೆಯಲ್ಲಿ ಗುರುಗ್ರಹದ ಮೇಲಿನ ಒಂದು ಮಚ್ಚೆ, ಜರ್ಮನಿಯ ಸೀಸದ ಅದಿರು, ಬರ್ಮುಡಾದ ತಿಮಿಂಗಿಲ ಬೇಟೆ, ವಿಕಾರವಾಗಿ ಹುಟ್ಟಿದ ಒಂದು ಕರು, ಇಷ್ಟೂ ಒಟ್ಟಿಗಿವೆ. 1869ರಲ್ಲಿ ಶುರುವಾದ ‘ನೇಚರ್’ ಕೂಡ ಎಲ್ಲ ವಿಜ್ಞಾನಗಳದ್ದು.

ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ‘ಕರೆಂಟ್ ಸೈನ್ಸ್’ 1932ರ ಜುಲೈಯಿಂದ ಬೆಂಗಳೂರಿನಿಂದ ಹೊರಡುತ್ತಿದೆ. ಅದರ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್, ಕಪ್ಪೆಗಳ ಅಧ್ಯಯನಕ್ಕೆ ಹೆಸರಾದವರು. ಪಶ್ಚಿಮ ಘಟ್ಟದಲ್ಲಿ ಮಳೆ ಶುರುವಾದೊಡನೆ ಪೊದೆಗಳಿಂದ ಕೂಗುವ ಪುಟ್ಟ ಕಪ್ಪೆಗಳಿವೆಯಲ್ಲ, ಅವುಗಳ ಒಂದು ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಅವರದೇ ಹೆಸರಿದೆ. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ. ಕಪ್ಪೆ ಬಲ್ಲವರು ಒಬ್ಬರೇ ಕೂತು ಭೌತಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ತೂಗಲಾಗದು. ಆಯಾ ವಿಷಯದವರ ನೆರವು ಇದ್ದೇ ಇರಬೇಕು. ಅಂಥ ಪತ್ರಿಕೆ ಬದುಕುವುದೇ ಅದರಿಂದ.

ಇನ್ನೊಂದು ಸಂಗತಿ. ರಾಮನ್ ಪರಿಣಾಮ ಕಂಡದ್ದು ಕೋಲ್ಕತ್ತದಲ್ಲಿ, 1928ರ ಫೆಬ್ರುವರಿ 28ರಂದು. ಆದರೆ ರಾಮನ್ ಅದನ್ನು ವಿಸ್ತಾರವಾಗಿ ವಿವರಿಸಿದ್ದು ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಆ ಭಾಷಣ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಯಿತು, ಕೆ.ಎಸ್. ಕೃಷ್ಣನ್ ಅವರೊಡನೆ ಬರೆದ ಕಿರು ಟಿಪ್ಪಣಿ ಮಾರ್ಚ್ 31ರ ‘ನೇಚರ್’ನಲ್ಲಿ ಬಂತು. ಒಂದು ಭೌತಶಾಸ್ತ್ರಕ್ಕೇ ಮೀಸಲಾದ ಭಾರತದ ಜರ್ನಲ್, ಇನ್ನೊಂದು ಎಲ್ಲ ವಿಜ್ಞಾನಗಳದ್ದು. ಎರಡಕ್ಕೂ ತಿಳಿದು ಓದುವವರಿದ್ದರು. ನೀವು ಧಾರಾಳವಾಗಿ ನಾನಾ ವಿಷಯ ಓದಿ.

ಪ್ರಶ್ನೆ: ನಮ್ಮ ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಅಡಕೆ ಒಣಗಿಸುವ ಯಂತ್ರದ ಪ್ರಾಜೆಕ್ಟ್ ಮಾಡಿದ. ಅದು ಜರ್ನಲ್ ಒಂದರಲ್ಲಿ ಬಂದಿದೆ. ಐದು ಹೆಸರುಗಳಿವೆ, ಮಗನದು ಕೊನೆಯದು. ಇದು ನ್ಯಾಯವೇ?
— ಅಡಕೆ ಬೆಳೆಗಾರರು, ಶಿರಸಿ

ಉತ್ತರ: ಕೆಲಸದಲ್ಲಿ ನಿಜವಾದ ಪಾಲು, ಬರವಣಿಗೆಯಲ್ಲಿ ಕೈ, ಕೊನೆಯ ಪ್ರತಿಗೆ ಒಪ್ಪಿಗೆ, ತಪ್ಪಿದ್ದರೆ ಉತ್ತರಿಸುವ ಹೊಣೆ: ಈ ನಾಲ್ಕೂ ಇದ್ದವರಷ್ಟೇ ಲೇಖಕರು ಎಂದು ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಹೇಳುತ್ತದೆ. ಬೇರೆ ಕ್ಷೇತ್ರಗಳಿಗೂ ಅದು ಒಳ್ಳೆಯ ಅಳತೆಗೋಲು. ಹುದ್ದೆ ದೊಡ್ಡದು ಎಂಬ ಕಾರಣಕ್ಕೆ ಸೇರಿಸಿದ ಹೆಸರು ಅನ್ಯಾಯವೇ. ಹೆಸರುಗಳ ಅನುಕ್ರಮ ಮಾತ್ರ ಕ್ಷೇತ್ರದಿಂದ ಕ್ಷೇತ್ರಕ್ಕೆ ಬದಲಾಗುತ್ತದೆ. ಕೊನೆಯ ಹೆಸರು ಮಾರ್ಗದರ್ಶಕರದ್ದಾಗಿರುವ ಪದ್ಧತಿಯೂ ಇದೆ. ಮಗ ಪ್ರಾಜೆಕ್ಟ್ ಡೈರಿ, ಯಂತ್ರದ ನಕ್ಷೆ, ದಿನಾಂಕವಿರುವ ಫೋಟೋಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಉದ್ಯೋಗದ ಸಂದರ್ಶನದಲ್ಲಿ ಐದು ಹೆಸರಿನ ಲೇಖನಕ್ಕಿಂತ ಅವು ಹೆಚ್ಚು ಮಾತನಾಡುತ್ತವೆ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ, ತಿಳಿಯದೆ, ನೀವು ಹೇಳುವಂಥ ಜರ್ನಲ್‌ನಲ್ಲಿ ಎರಡು ಲೇಖನ ಪ್ರಕಟಿಸಿದ್ದೇನೆ. ಈಗ ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯೂ ಇಲ್ಲ. ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ನೀವು ಒಬ್ಬರೇ ಅಲ್ಲ. ಸಂಸ್ಥೆಗಳೇ ಎಡವಿದ ಕಾಲ ಅದು. ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. ಅದರ ಬಳಿಕ ಬಂದದ್ದು ಕೇರ್ ಪಟ್ಟಿ. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿ, ಜರ್ನಲ್ ಆಯ್ಕೆಯ ಹೊಣೆಯನ್ನು ಸಂಸ್ಥೆಗಳಿಗೆ ಬಿಟ್ಟಿದ್ದಾರೆ. ನೀವು ಬೇಸರಪಡಿ, ನಾಚಿಕೆಪಡಬೇಡಿ.

ಮಾಡಬೇಕಾದ್ದು ಇಷ್ಟು. ಲೇಖನ ಹಿಂಪಡೆಯಲು ಅವರು ಮತ್ತೆ ಹಣ ಕೇಳಿದರೆ ಕೊಡಬೇಡಿ. ಅದೇ ಲೇಖನವನ್ನು ಹೊಸದೆಂಬಂತೆ ಬೇರೆಡೆಗೆ ಕಳುಹಿಸಬೇಡಿ. ಅದು ಇನ್ನೊಂದು ತಪ್ಪಾಗುತ್ತದೆ. ಅದರೊಳಗಿನ ದತ್ತಾಂಶ ನಿಮ್ಮದೇ. ಇನ್ನೂ ಕೆಲಸ ಮಾಡಿ, ಹೊಸ ಮಾಹಿತಿ ಸೇರಿಸಿ ಬರೆದಾಗ, ಇದರ ಒಂದು ಭಾಗ ಮುಂಚೆ ಇಂಥಲ್ಲಿ ಅಚ್ಚಾಗಿದೆ ಎಂದು ಸಂಪಾದಕರಿಗೆ ಮೊದಲೇ ತಿಳಿಸಿ. ಆ ಎರಡು ಲೇಖನಗಳ ಪ್ರತಿ ನಿಮ್ಮ ಬಳಿ ಇದೆಯಲ್ಲ? ವಿಷಯ ಬಲ್ಲ ಹಿರಿಯರೊಬ್ಬರಿಗೆ ಕೊಟ್ಟು, ಪೆನ್ಸಿಲ್ ಹಿಡಿದು ಓದಲು ಕೇಳಿಕೊಳ್ಳಿ. ಗ್ರಂಥಾಲಯ ವಿಜ್ಞಾನದ ವಿಷಯವಾಗಿದ್ದರೆ ನನಗೇ ಕಳುಹಿಸಿ. ಕೋಷ್ಟಕಗಳನ್ನು ನಾನು ಕೂಡಿ ನೋಡುತ್ತೇನೆ.